ಒಳನಾಡಿನ ಪಟ್ಟಣಕ್ಕೆ ಚಂಡಮಾರುತ: ತೆರವಿನ ಯೋಜನೆಯಲ್ಲಿ ಗಂಟೆಗಳ ಲೆಕ್ಕ

ಚಂಡಮಾರುತವೆಂದರೆ ಕರಾವಳಿಯವರ ಚಿಂತೆ, ಒಳನಾಡಿನ ವರ್ತಕನಿಗೆ ಅದರಿಂದ ಆಗುವುದೇನಿದ್ದರೂ ಎರಡು ದಿನಗಳ ಜಡಿಮಳೆ ಮತ್ತು ತಡವಾಗಿ ಬರುವ ಲಾರಿ ಎಂಬ ಭಾವನೆ ವ್ಯಾಪಾರ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆ ನಮ್ಮವರಿಗೆ ಮಾತ್ರ ಸೀಮಿತವಾದುದಲ್ಲ. ವರ್ಷವರ್ಷವೂ ಚಂಡಮಾರುತಗಳನ್ನು ಕಾಣುವ ಅಮೆರಿಕದಲ್ಲಿಯೂ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಪಟ್ಟಣಗಳು ಇದೇ ನಂಬಿಕೆಯಲ್ಲಿದ್ದವು. 2024ರ ಸೆಪ್ಟೆಂಬರ್ 27ರಂದು ಉತ್ತರ ಕೆರೊಲಿನಾ ರಾಜ್ಯದ ಗುಡ್ಡಗಾಡು ನಗರವಾದ ಆಶ್‌ವಿಲ್‌ನಲ್ಲಿ ಆ ನಂಬಿಕೆ ಕೊಚ್ಚಿಹೋಯಿತು. ಅಂಗಡಿ, ಗೋದಾಮು ಅಥವಾ ಸಣ್ಣ ಕಾರ್ಖಾನೆಯನ್ನು ನಡೆಸುವವರು ಈ ಘಟನೆಯನ್ನು ಕೇವಲ ಪರದೇಶದ ಸುದ್ದಿಯಾಗಿ ಓದದೆ, ತಮ್ಮ ದಾಸ್ತಾನು ಮತ್ತು ತಮ್ಮ ಕೆಲಸಗಾರರ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಆಶ್‌ವಿಲ್ ಸುಮಾರು 94 ಸಾವಿರ ಜನಸಂಖ್ಯೆಯ ನಗರ. ಸಮುದ್ರಮಟ್ಟದಿಂದ 2,100 ಅಡಿಗೂ ಹೆಚ್ಚು ಎತ್ತರದಲ್ಲಿದ್ದು, ಅಟ್ಲಾಂಟಿಕ್ ಕರಾವಳಿಯ ಚಾರ್ಲ್ಸ್‌ಟನ್‌ನಿಂದ ಸುಮಾರು 400 ಕಿ.ಮೀ. ದೂರದಲ್ಲಿದೆ. ಹವಾಮಾನ ವೈಪರೀತ್ಯದಿಂದ ತಪ್ಪಿಸಿಕೊಳ್ಳಬಯಸುವವರಿಗೆ ಸುರಕ್ಷಿತ ತಾಣವೆಂಬ ಹೆಸರೂ ಅದಕ್ಕಿತ್ತು. ಆ ನಗರಕ್ಕೆ ಹಾನಿ ಮಾಡಿದ ಹೆಲೀನ್ ಚಂಡಮಾರುತವು ದಡಕ್ಕೆ ಅಪ್ಪಳಿಸಿದ್ದು ಅಟ್ಲಾಂಟಿಕ್ ಕಡೆಯಿಂದಲ್ಲ; ಮೆಕ್ಸಿಕೋ ಕೊಲ್ಲಿಯ ಕಡೆಯಿಂದ, ಫ್ಲಾರಿಡಾದ ಪೆರಿ ಎಂಬ ಊರಿನ ಸಮೀಪದಲ್ಲಿ. ಸೆಪ್ಟೆಂಬರ್ 26ರ ರಾತ್ರಿ 11 ಗಂಟೆಯ ಸುಮಾರಿಗೆ ಅದರ ಗಾಳಿಯ ವೇಗ ಗಂಟೆಗೆ ಸುಮಾರು 225 ಕಿ.ಮೀ. ಇತ್ತು. ಆ ಸ್ಥಳದಿಂದ ಆಶ್‌ವಿಲ್‌ಗೆ 600 ಕಿ.ಮೀ. ಅಂತರವಿದೆ. ಮರುದಿನ ಬೆಳಿಗ್ಗೆ ಗುಡ್ಡಗಾಡಿಗೆ ತಲುಪುವ ಹೊತ್ತಿಗೆ ಹೆಲೀನ್ ತನ್ನ ಗಾಳಿಯ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡು, ಹರಿಕೇನ್ ಎಂಬ ಹೆಸರಿಗೂ ಅರ್ಹವಾಗಿರಲಿಲ್ಲ. ಅಲ್ಲಿನವರ ಲೆಕ್ಕದಲ್ಲಿ ಗಂಟೆಗೆ 119 ಕಿ.ಮೀ. ಮುಟ್ಟಿದರೆ ಮಾತ್ರ ಹರಿಕೇನ್. ಆದರೆ ಗಾಳಿ ಕುಗ್ಗಿದರೂ ನೀರು ಕುಗ್ಗಿರಲಿಲ್ಲ.

ಗಾಳಿಯಲ್ಲ, ನೀರು

ಒಳನಾಡಿನ ವರ್ತಕರು ಮೊದಲು ತಿಳಿಯಬೇಕಾದ ವಿಷಯ ಇದೇ ಆಗಿದೆ. ಚಂಡಮಾರುತದ ಶ್ರೇಣಿಯನ್ನು ಗಾಳಿಯ ವೇಗದಿಂದ ಅಳೆಯುತ್ತಾರೆ. ಪತ್ರಿಕೆಗಳೂ ದೂರದರ್ಶನವೂ ಅದನ್ನೇ ಸಾರುತ್ತವೆ. ಶ್ರೇಣಿ ಇಳಿಯಿತೆಂದರೆ ಅಪಾಯ ಇಳಿಯಿತೆಂದು ಜನರು ತಿಳಿಯುತ್ತಾರೆ. ಆದರೆ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಅಂಕಿಅಂಶಗಳ ಪ್ರಕಾರ 2013ರಿಂದ 2022ರವರೆಗಿನ ಅವಧಿಯಲ್ಲಿ ಅಲ್ಲಿ ಚಂಡಮಾರುತಗಳಿಂದ ನೇರವಾಗಿ ಸಂಭವಿಸಿದ ಸಾವುಗಳಲ್ಲಿ ಶೇಕಡಾ 57ರಷ್ಟಕ್ಕೆ ಮಳೆನೀರಿನ ಪ್ರವಾಹವೇ ಕಾರಣ. ಸಮುದ್ರದ ಉಬ್ಬರದ ಪಾಲು ಶೇಕಡಾ 11 ಮಾತ್ರ. ಎಂದರೆ ಹೆಚ್ಚಿನ ಸಾವು ಸಂಭವಿಸುವುದು ಹಳ್ಳ, ಹೊಳೆ, ರಸ್ತೆಯ ಮೋರಿಗಳಲ್ಲಿ.

ಗುಡ್ಡಗಾಡು ಪ್ರದೇಶದಲ್ಲಿ ಈ ನೀರಿನ ಪ್ರಮಾಣ ಮತ್ತಷ್ಟು ಹೆಚ್ಚುವುದಕ್ಕೆ ಕಾರಣವಿದೆ. ಬೆಚ್ಚನೆಯ ಸಮುದ್ರದಿಂದ ತೇವಾಂಶ ತುಂಬಿಕೊಂಡು ಬರುವ ಗಾಳಿಯನ್ನು ಬೆಟ್ಟಸಾಲು ಮೇಲಕ್ಕೆ ತಳ್ಳುತ್ತದೆ; ಮೇಲೇರಿದ ಗಾಳಿ ತಣಿದು ಹೊತ್ತ ನೀರನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಆಗುಂಬೆಯ ಮಳೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೆಲೀನ್ ಪ್ರಕರಣದಲ್ಲಿ ಚಂಡಮಾರುತ ಇನ್ನೂ ಸಮುದ್ರದ ಮೇಲಿರುವಾಗಲೇ, ಸೆಪ್ಟೆಂಬರ್ 25ರಿಂದಲೇ, ಅದರ ತೇವಾಂಶ ಮುಂದಾಗಿ ಬಂದು ಬೆಟ್ಟಗಳ ಮೇಲೆ ಮಳೆ ಆರಂಭವಾಗಿತ್ತು. ಮಣ್ಣು ಕುಡಿಯುವಷ್ಟು ನೀರನ್ನು ಕುಡಿದು ಮುಗಿಸಿದ ಮೇಲೆ ಮುಖ್ಯ ಮಳೆ ಬಂತು. ಆಶ್‌ವಿಲ್ ವಿಮಾನ ನಿಲ್ದಾಣದಲ್ಲಿ ಮೂರು ದಿನಗಳಲ್ಲಿ ಸುಮಾರು 14 ಅಂಗುಲ ಮಳೆ ದಾಖಲಾದರೆ, ಎತ್ತರದ ಬೆಟ್ಟಗಳ ನಡುವಿನ ಬ್ಯೂಸಿಕ್ ಎಂಬಲ್ಲಿ 30 ಅಂಗುಲ ಮೀರಿತು. ನಗರದ ಮಧ್ಯೆ ಹರಿಯುವ ಫ್ರೆಂಚ್ ಬ್ರಾಡ್ ನದಿ 24.67 ಅಡಿಗೆ ಏರಿತು. ಅಲ್ಲಿ ಪ್ರವಾಹಮಟ್ಟವೆಂದು ಗುರುತಿಸಿರುವುದೇ 9.5 ಅಡಿ. ಅದರ ಉಪನದಿ ಸ್ವಾನನೋವಾ ಬಿಲ್ಟ್‌ಮೋರ್ ಬಳಿ 26 ಅಡಿ ದಾಟಿತು. ಕಿರಿಯ ಹೊಳೆಗಳು ಮೊದಲು ಉಕ್ಕುತ್ತವೆ, ದೊಡ್ಡ ನದಿ ಆಮೇಲೆ. ಆದುದರಿಂದ ದೊಡ್ಡ ನದಿಯನ್ನು ನೋಡಿಕೊಂಡು ಕುಳಿತವನು ಹಿಂದಿನಿಂದ ಬರುವ ಹಳ್ಳಕ್ಕೆ ಸಿಕ್ಕಿಬೀಳುತ್ತಾನೆ.

ಇದು ಹಿಂದೆಂದೂ ಕಾಣದ ಸಂಗತಿಯೇ ಎಂದರೆ ಅಲ್ಲ. 1916ರ ಜುಲೈ ತಿಂಗಳಲ್ಲಿ ಎರಡು ಚಂಡಮಾರುತಗಳ ಮಳೆ ಒಂದರ ಹಿಂದೊಂದು ಬಿದ್ದು ಫ್ರೆಂಚ್ ಬ್ರಾಡ್ 23.1 ಅಡಿಗೆ, ಸ್ವಾನನೋವಾ 20.7 ಅಡಿಗೆ ಏರಿದ್ದವು. ಆ ಭಾಗದಲ್ಲಿ ಸುಮಾರು 80 ಮಂದಿ ಸತ್ತಿದ್ದರು. 2004ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಸ್ ಮತ್ತು ಐವನ್ ಚಂಡಮಾರುತಗಳು ಹತ್ತು ದಿನಗಳೊಳಗೆ ಬಂದು ಬಿಲ್ಟ್‌ಮೋರ್‌ನ ಅಂಗಡಿ ಬೀದಿಗಳಲ್ಲಿ ನೀರು ನಿಲ್ಲಿಸಿದ್ದವು. ಎರಡೂ ಬಾರಿ ಪೆಟ್ಟು ಎರಡೆರಡು ಚಂಡಮಾರುತಗಳಿಂದ ಬಿದ್ದಿತೆಂಬುದು ಗಮನಾರ್ಹ: ಮೊದಲನೆಯದು ನೆಲವನ್ನು ನೆನೆಸಿತು, ಎರಡನೆಯದು ಹರಿಯಿತು. ಸೆಪ್ಟೆಂಬರ್ 26ರಂದು ಹವಾಮಾನ ಇಲಾಖೆಯ ಸ್ಥಳೀಯ ಕಚೇರಿ ಎಚ್ಚರಿಕೆ ನೀಡಿದಾಗ 1916ನೇ ಇಸವಿಯನ್ನೇ ಹೆಸರಿಸಿ ಹೋಲಿಸಿತ್ತು. ಎಚ್ಚರಿಕೆಯಲ್ಲಿ ಲೋಪವಿರಲಿಲ್ಲವೆಂದೇ ಹೇಳಬೇಕು. ಆ ಎಚ್ಚರಿಕೆಯನ್ನು ಓದಿದವನು ಮಾಡಬೇಕಾದುದೇನು ಎಂಬುದು ಮಾತ್ರ ಮುಂಚಿತವಾಗಿ ನಿರ್ಧಾರವಾಗಿರಲಿಲ್ಲ. ಮರುದಿನ ಬೆಳಿಗ್ಗೆ ನದೀದಂಡೆಯವರಿಗೆ ಕಡ್ಡಾಯ ತೆರವಿನ ಆದೇಶ ತಲುಪುವ ವೇಳೆಗೆ ಅನೇಕ ರಸ್ತೆಗಳು ಮುಳುಗಿದ್ದವು, ಹಲವರ ಫೋನುಗಳು ಸ್ತಬ್ಧವಾಗಿದ್ದವು. ಉತ್ತರ ಕೆರೊಲಿನಾ ಒಂದರಲ್ಲಿಯೇ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಮೆರಿಕದ ಒಟ್ಟು ಸಾವುಗಳ ಸಂಖ್ಯೆ ಸುಮಾರು 250.

ದೂರಕ್ಕಲ್ಲ, ಎತ್ತರಕ್ಕೆ

ತೆರವು ಎಂಬ ಪದ ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಊರಿಗೆ ಊರೇ ಹೆದ್ದಾರಿಗಿಳಿದು ಹೋಗುವ ದೃಶ್ಯ. ಕರಾವಳಿಯ ಮಟ್ಟಿಗೆ ಅದು ಸರಿಯಿರಬಹುದು, ಆದರೆ ಅಲ್ಲಿಯೂ ಅದು ಅಪಾಯವಿಲ್ಲದ ಕೆಲಸವಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಕಟ್ರೀನಾದ ದುರಂತ ಇನ್ನೂ ಹಸಿಯಾಗಿರುವಾಗ ರೀಟಾ ಚಂಡಮಾರುತ ಟೆಕ್ಸಾಸ್‌ನತ್ತ ಬಂತು. ಹ್ಯೂಸ್ಟನ್ ಪ್ರದೇಶದಿಂದ 25 ಲಕ್ಷಕ್ಕೂ ಹೆಚ್ಚು ಜನರು ಏಕಕಾಲದಲ್ಲಿ ವಾಹನ ಹತ್ತಿದರು. ತಗ್ಗಿನಲ್ಲಿರುವವರು ಮಾತ್ರ ಹೋಗಬೇಕಿತ್ತು, ಎತ್ತರದಲ್ಲಿದ್ದವರೂ ಹೊರಟರು. ಗಂಟೆಗಟ್ಟಲೆ ನಿಂತ ವಾಹನಗಳಲ್ಲಿ ಇಂಧನ ಮುಗಿಯಿತು, ಬಿಸಿಲಿನ ತಾಪಕ್ಕೆ ಜನ ಸತ್ತರು, ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಡಲ್ಲಾಸ್ ಬಳಿ ಬೆಂಕಿ ತಗುಲಿ 23 ಮಂದಿ ಮೃತಪಟ್ಟರು. ತೆರವಿನ ಪ್ರಯಾಣಕ್ಕೆ ಸಂಬಂಧಿಸಿಯೇ ನೂರರಷ್ಟು ಸಾವುಗಳಾದವು. ರೀಟಾ ಕೊನೆಗೆ ಪೂರ್ವಕ್ಕೆ ತಿರುಗಿ ಲೂಸಿಯಾನಾದ ಗಡಿಯತ್ತ ಹೋಯಿತು.

ಒಳನಾಡಿನ ಪಟ್ಟಣದ ಲೆಕ್ಕ ಬೇರೆಯೇ ಆಗಿದೆ. ಅಲ್ಲಿ ನೂರು ಕಿಲೋಮೀಟರ್ ಓಡಬೇಕಾದ ಅಗತ್ಯ ಬೀಳುವುದು ಅಪರೂಪ. ನದೀದಂಡೆಯಿಂದ ಐವತ್ತು ಅಡಿ ಎತ್ತರದ ಬೀದಿಗೆ ಹೋದರೂ ಬಹುಪಾಲು ಜನರು ಬದುಕುತ್ತಾರೆ. ಆಶ್‌ವಿಲ್‌ನಲ್ಲಿ ನದಿಯ ಬದಿಯ ಕಲಾವಿದರ ಕಾರ್ಯಾಗಾರಗಳು, ಸಣ್ಣ ಉತ್ಪಾದಕರ ಘಟಕಗಳು ಕೊಚ್ಚಿಹೋದವು. ಅಲ್ಲಿಂದ ಕೂಗಳತೆಯ ಗುಡ್ಡದ ಮೇಲಿನ ಪೇಟೆಗೆ ನೀರು ಮುಟ್ಟಲಿಲ್ಲ. ಹೀಗಾಗಿ ಅಂತರ ಕಡಿಮೆ, ಆದರೆ ಕಾಲಾವಕಾಶವೂ ಅಷ್ಟೇ ಕಡಿಮೆ. ಕರಾವಳಿಯವರಿಗೆ ಎರಡು ಮೂರು ದಿನಗಳ ಸೂಚನೆ ದೊರೆಯುತ್ತದೆ. ಕಡಿದಾದ ಕಣಿವೆಯ ಹೊಳೆಗೆ ಆರೇಳು ಗಂಟೆ ಸಾಕು. 1969ರಲ್ಲಿ ಕೆಮಿಲ್ ಚಂಡಮಾರುತದ ಶೇಷವು ವರ್ಜೀನಿಯಾದ ನೆಲ್ಸನ್ ಕೌಂಟಿಯ ಮೇಲೆ ಒಂದೇ ರಾತ್ರಿ ಸುರಿದಾಗ ನಿದ್ದೆಯಲ್ಲಿದ್ದವರು ನಿದ್ದೆಯಲ್ಲಿಯೇ ಹೋದರು. ನೂರಕ್ಕೂ ಹೆಚ್ಚು ಸಾವು.

ಎತ್ತರದ ಸ್ಥಳವೆಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ತಿಳಿಯಬಾರದು. ಹೆಲೀನ್ ಸಂದರ್ಭದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭೂಕುಸಿತಗಳು ಗುರುತಿಸಲ್ಪಟ್ಟಿವೆ. ಕಡಿದಾದ ಇಳಿಜಾರಿನ ಕೆಳಗೆ, ಗುಡ್ಡದ ಕೊರಕಲು ಬಂದು ಬಯಲಾಗುವ ಬಾಯಲ್ಲಿ ಇರುವ ಮನೆ ಅಥವಾ ಶೆಡ್ಡು ಹೊಳೆಯಿಂದ ದೂರವಿದ್ದರೂ ಆಶ್ರಯಕ್ಕೆ ಯೋಗ್ಯವಲ್ಲ. ಆಶ್ರಯದ ಸ್ಥಳವನ್ನು ಬಿಸಿಲು ದಿನಗಳಲ್ಲಿ ನಡೆದು ನೋಡಿಯೇ ಗೊತ್ತುಪಡಿಸಬೇಕು.

ಒಮ್ಮೆ ಮುಳುಗಿ ಕಲಿತ ಪಟ್ಟಣ

ಪೆನ್ಸಿಲ್ವೇನಿಯಾದ ವಿಲ್ಕ್ಸ್‌ಬ್ಯಾರಿ ಪಟ್ಟಣದ ಅನುಭವ ಇಲ್ಲಿ ಉಲ್ಲೇಖಾರ್ಹ. ಸಸ್ಕ್ವೆಹನ್ನಾ ನದಿಯ ದಂಡೆಯ ಈ ಹಳೆಯ ಗಣಿ ಪಟ್ಟಣವನ್ನು 1972ರ ಜೂನ್ 23ರಂದು ಆಗ್ನೆಸ್ ಚಂಡಮಾರುತದ ಪ್ರವಾಹ ಮುಳುಗಿಸಿತು. ಜನರು ರಾತ್ರಿಯಿಡೀ ಒಡ್ಡಿನ ಮೇಲೆ ಮರಳುಚೀಲ ಜೋಡಿಸಿದರು, ನದಿ 40.9 ಅಡಿಗೆ ಏರಿ ಒಡ್ಡನ್ನು ಮೀರಿತು. ಕಣಿವೆಯ ವಾಣಿಜ್ಯ ಬೀದಿಗಳು ದಿನಗಟ್ಟಲೆ ಕೆಸರಿನಡಿ ಇದ್ದವು. ಆ ಬಳಿಕ ಒಡ್ಡನ್ನು ಎತ್ತರಿಸುವ ಕಾಮಗಾರಿ ನಡೆದು ಮುಗಿಯಲು ಮೂರು ದಶಕಗಳೇ ಹಿಡಿದವು. 2011ರ ಸೆಪ್ಟೆಂಬರ್ 8–9ರಂದು ಲೀ ಎಂಬ ಬಿರುಗಾಳಿಯ ಮಳೆಯಿಂದ ನದಿ 42.66 ಅಡಿಗೆ, ಎಂದರೆ ಆಗ್ನೆಸ್‌ಗಿಂತಲೂ ಮೇಲಕ್ಕೆ, ಏರಿತು. ಒಡ್ಡು ತಡೆಯಿತು. ಒಡ್ಡಿಲ್ಲದ ನೆರೆಯ ವೆಸ್ಟ್ ಪಿಟ್ಸ್‌ಟನ್‌ನಂತಹ ಊರುಗಳಿಗೆ ನೀರು ನುಗ್ಗಿತು.

ನಮ್ಮ ದೃಷ್ಟಿಗೆ ಇದರಲ್ಲಿ ಮುಖ್ಯವಾದುದು ಬೇರೊಂದಿದೆ. ಹೊಸ ಒಡ್ಡು ಇದ್ದರೂ ಆಡಳಿತವು ಅದನ್ನೇ ನಂಬಿ ಕೂರಲಿಲ್ಲ. ನದಿ ತುದಿ ಮುಟ್ಟುವ ಮೊದಲೇ, ಹಗಲು ಹೊತ್ತಿನಲ್ಲಿಯೇ, ಕಣಿವೆಯ ಅರುವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹೊರಡುವಂತೆ ಆದೇಶಿಸಿತು. ಯಾವ ಅಡಿಗೆ ನದಿ ಬಂದರೆ ಯಾವ ಬೀದಿ ಖಾಲಿಯಾಗಬೇಕು ಎಂಬುದು 1972ರ ಗುರುತುಗಳಿಂದ ಅಲ್ಲಿನವರಿಗೆ ಬಾಯಿಪಾಠವಾಗಿತ್ತು. ಮುಳುಗದ ಪಟ್ಟಣವನ್ನು ಖಾಲಿ ಮಾಡಿಸಿದ್ದಕ್ಕೆ ವ್ಯಾಪಾರಕ್ಕೆ ಎರಡು ಮೂರು ದಿನಗಳ ನಷ್ಟವಾಯಿತು, ನಿಜ. ಆ ನಷ್ಟವನ್ನು ಅಂದಾಜಿಸಿ ಮೊದಲೇ ಒಪ್ಪಿಕೊಳ್ಳದಿದ್ದರೆ ಯಾವ ತೆರವಿನ ಯೋಜನೆಯೂ ಕಾಗದದಿಂದ ಕೆಳಗಿಳಿಯುವುದಿಲ್ಲ.

ಎರಡು ಕಾರ್ಖಾನೆಗಳು

ಹೆಲೀನ್ ಬಂದ ದಿನ ಬೆಟ್ಟಸಾಲಿನ ಆಚೆಬದಿಯಲ್ಲಿ, ಟೆನ್ನೆಸಿ ರಾಜ್ಯದ ಎರ್ವಿನ್ ಪಟ್ಟಣದಲ್ಲಿ ನೋಲಿಚಕಿ ನದಿ ಉಕ್ಕಿತು. ಅಲ್ಲಿನ ಆಸ್ಪತ್ರೆಯ ಮಾಳಿಗೆಯ ಮೇಲೆ ಸಿಕ್ಕಿಬಿದ್ದ ರೋಗಿಗಳು ಮತ್ತು ಸಿಬ್ಬಂದಿ ಸೇರಿ ಐವತ್ತಕ್ಕೂ ಹೆಚ್ಚು ಮಂದಿಯನ್ನು ಹೆಲಿಕಾಪ್ಟರ್‌ಗಳು ಎತ್ತಿದವು. ಅದೇ ಬಯಲಿನ ಪ್ಲಾಸ್ಟಿಕ್ ಬಿಡಿಭಾಗಗಳ ಕಾರ್ಖಾನೆಗೆ ಆ ಬೆಳಿಗ್ಗೆ ಕೆಲಸಗಾರರು ಎಂದಿನಂತೆ ಬಂದಿದ್ದರು. ವಾಹನ ನಿಲುಗಡೆಯ ಜಾಗಕ್ಕೆ ನೀರು ಬಂತು, ವಿದ್ಯುತ್ ಹೋಯಿತು, ಕೆಲಸ ನಿಂತಿತು. ಹೊರಟವರಿಗೆ ರಸ್ತೆ ಇರಲಿಲ್ಲ. ನಿಂತಿದ್ದ ಟ್ರಕ್ಕಿನ ಟ್ರೇಲರ್ ಏರಿದವರನ್ನು ನೀರು ಟ್ರೇಲರ್ ಸಮೇತ ಸೆಳೆಯಿತು. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರು ಮಂದಿ ಸತ್ತರು. ಅವರನ್ನು ಸಕಾಲದಲ್ಲಿ ಬಿಡಲಾಯಿತೇ ಎಂಬ ವಿವಾದ ಎದ್ದಿತು. ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ 2025ರಲ್ಲಿ ತನಿಖೆ ಮುಗಿಸಿ ಆಡಳಿತದ ಮೇಲೆ ನಿಯಮೋಲ್ಲಂಘನೆಯ ದೋಷ ಹೊರಿಸಲಿಲ್ಲ, ಮೃತರ ಕುಟುಂಬಗಳ ಪರವಾಗಿ ನ್ಯಾಯಾಲಯದಲ್ಲಿ ದಾವೆಗಳೂ ಹೂಡಲ್ಪಟ್ಟವು. ತಪ್ಪು ಯಾರದೆಂದು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಕಾನೂನಿನ ಪ್ರಕಾರ ದೋಷವಿಲ್ಲದಿದ್ದರೂ ಆರು ಮನೆಗಳಲ್ಲಿ ದೀಪ ಆರಬಹುದು ಎಂಬುದನ್ನು ಕಾರ್ಖಾನೆ ನಡೆಸುವವರು ಮರೆಯುವಂತಿಲ್ಲ. ನೀರು ಅಂಗಳಕ್ಕೆ ಬಂದ ಮೇಲೆ ಕೊಡುವ ರಜೆ ರಜೆಯಲ್ಲ.

ಎರಡನೆಯ ಕಾರ್ಖಾನೆ ಉತ್ತರ ಕೆರೊಲಿನಾದ ಮೇರಿಯನ್ ಬಳಿಯ ನಾರ್ತ್ ಕೋವ್‌ನಲ್ಲಿದೆ. ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತನಾಳಕ್ಕೆ ಏರಿಸುವ ದ್ರಾವಣಗಳನ್ನು, ಎಂದರೆ ನಮ್ಮ ಜನರು ಗ್ಲೂಕೋಸ್ ಬಾಟಲಿ ಎನ್ನುವುದನ್ನು, ಬ್ಯಾಕ್ಸ್‌ಟರ್ ಕಂಪನಿ ಅಲ್ಲಿ ತಯಾರಿಸುತ್ತದೆ. ಇಡೀ ಅಮೆರಿಕಕ್ಕೆ ಬೇಕಾದ ಇಂತಹ ದ್ರಾವಣದಲ್ಲಿ ಸುಮಾರು ಶೇಕಡಾ 60ರಷ್ಟು ಆ ಒಂದೇ ಘಟಕದಿಂದ ಹೋಗುತ್ತಿತ್ತು. ಮಳೆಗೆ ಮೊದಲೇ ಚಂಡಮಾರುತ ಸಿದ್ಧತಾ ಯೋಜನೆಯನ್ನು ಜಾರಿಗೊಳಿಸಿ, ತೆರವಿನ ವ್ಯವಸ್ಥೆ ಮಾಡಿ, ತಯಾರಾದ ಸರಕನ್ನು ಎತ್ತರದ ಸ್ಥಳಕ್ಕೂ ಭದ್ರ ದಾಸ್ತಾನಿಗೂ ಸಾಗಿಸಿದ್ದಾಗಿ ಕಂಪನಿ ತಿಳಿಸಿತು. ಒಡ್ಡು ಒಡೆದು ಘಟಕದೊಳಗೆ ನೀರು ನುಗ್ಗಿತು, ದಾರಿಯ ಸೇತುವೆಗೂ ಹಾನಿಯಾಯಿತು. ಯಂತ್ರಗಳನ್ನು ಹೊತ್ತೊಯ್ಯಲು ಯಾರಿಂದಲೂ ಸಾಧ್ಯವಿಲ್ಲ, ಅವು ಕೆಸರಾದವು. ಆದರೆ ಉಳಿಸಿಕೊಂಡ ಸರಕನ್ನು ತಾತ್ಕಾಲಿಕ ಸೇತುವೆ ಹಾಕಿ ಹೊರತೆಗೆದು ಮಾರುಕಟ್ಟೆಗೆ ಕಳುಹಿಸಲು ಸಾಧ್ಯವಾಯಿತು. ಪೂರ್ಣ ಪ್ರಮಾಣದ ಉತ್ಪಾದನೆ ಮರಳಿ ಬಂದದ್ದು 2025ರ ಆರಂಭದಲ್ಲಿ. ಅಲ್ಲಿಯವರೆಗೆ ದೇಶದಾದ್ಯಂತ ಆಸ್ಪತ್ರೆಗಳು ದ್ರಾವಣವನ್ನು ಹಂಚಿಕೊಂಡು ಬಳಸಿದವು, ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಒಬ್ಬನೇ ಸರಬರಾಜುದಾರನನ್ನು ನಂಬಿದ ಗ್ರಾಹಕ ತಾನು ನದಿಯಿಂದ ಸಾವಿರ ಮೈಲಿ ದೂರದಲ್ಲಿದ್ದರೂ ಮುಳುಗುತ್ತಾನೆ. ಅರೆವಾಹಕ ಉದ್ಯಮಕ್ಕೆ ಬೇಕಾದ ಅತಿ ಶುದ್ಧ ಸ್ಫಟಿಕಶಿಲೆ ಒದಗಿಸುವ ಸ್ಪ್ರೂಸ್ ಪೈನ್ ಗಣಿಗಳೂ ಅದೇ ಸೆಪ್ಟೆಂಬರ್ 26ರಂದು ನಿಂತಿದ್ದವು. ಅವು ಅಕ್ಟೋಬರ್‌ನಲ್ಲಿಯೇ ಮತ್ತೆ ಆರಂಭಗೊಂಡದ್ದು ಆ ಉದ್ಯಮದ ಅದೃಷ್ಟ.

ಹಿಂದಿನಿಂದ ಎಣಿಸುವುದು

ತೆರವಿನ ಯೋಜನೆಯೆಂದರೆ ದಪ್ಪ ಕಡತವಲ್ಲ. ಸಣ್ಣ ಘಟಕಕ್ಕೆ ಒಂದು ಹಾಳೆ ಸಾಕು. ಆದರೆ ಅದನ್ನು ಬರೆಯುವ ಕ್ರಮ ತಲೆಕೆಳಗಾಗಿರಬೇಕು: ರಸ್ತೆ ಮುಚ್ಚುವ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಮೊದಲು ಮಟ್ಟ. ತಮ್ಮ ಗೋದಾಮಿನ ನೆಲ, ಕಟ್ಟಡದ ಮುಂದಿನ ರಸ್ತೆಯ ಅತಿ ತಗ್ಗಾದ ಭಾಗ, ಮತ್ತು ಊರಿನಲ್ಲಿ ಹಿಂದೆ ನೀರು ಬಂದ ಗುರುತು ಇವು ಮೂರರ ಅಂತರವನ್ನು ತಿಳಿದಿರಬೇಕು. ಬಹುತೇಕ ಸಂದರ್ಭಗಳಲ್ಲಿ ಗೋದಾಮಿಗಿಂತ ರಸ್ತೆ ಮೊದಲು ಮುಳುಗುತ್ತದೆ. ಆದುದರಿಂದ ಗಡುವು ಗೋದಾಮಿನದಲ್ಲ, ರಸ್ತೆಯದು. ಹರಿಯುವ ನೀರು ಒಂದು ಅಡಿ ಇದ್ದರೆ ಅನೇಕ ಕಾರುಗಳು ತೇಲುತ್ತವೆ, ಎರಡು ಅಡಿ ಇದ್ದರೆ ಬಹುಪಾಲು ವಾಹನಗಳು ಕೊಚ್ಚಿಹೋಗುತ್ತವೆ ಎಂಬುದು ಅಮೆರಿಕದ ಹವಾಮಾನ ಇಲಾಖೆ ಸಾರುತ್ತ ಬಂದಿರುವ ಲೆಕ್ಕ.

ಆಮೇಲೆ ಕೆಲಸದ ವೇಗ. ಉದಾಹರಣೆಗೆ ಒಂದು ಗೋದಾಮಿನಲ್ಲಿ 1,200 ಚೀಲ ಸರಕಿದೆ ಎಂದು ಭಾವಿಸೋಣ. ಆರು ಮಂದಿ ಹಮಾಲರು ಗಂಟೆಗೆ 150 ಚೀಲ ಲಾರಿಗೆ ಏರಿಸಬಲ್ಲರು ಎಂದಿಟ್ಟುಕೊಂಡರೆ ಏರಿಸುವುದಕ್ಕೇ ಎಂಟು ಗಂಟೆ ಬೇಕು. ಮಳೆಯಲ್ಲಿ ತಾಡಪಾಲು ಹೊದಿಸುವುದು, ಇಳಿಸುವುದು, ಲಾರಿ ಮರಳಿ ಬರುವುದು ಸೇರಿದರೆ ಹನ್ನೆರಡು ಗಂಟೆ. ಕೆಲಸಗಾರರು ಬೆಳಕಿರುವಾಗಲೇ ಮನೆ ಸೇರಿ ತಮ್ಮ ಮಕ್ಕಳು ಮರಿಗಳನ್ನು ಸಾಗಿಸಿಕೊಳ್ಳಲು ಕನಿಷ್ಠ ಮೂರು ಗಂಟೆ. ಒಟ್ಟು ಹದಿನೈದು. ಮರುದಿನ ಬೆಳಿಗ್ಗೆ ಏಳಕ್ಕೆ ರಸ್ತೆ ಮುಳುಗುವ ಸಂಭವವಿದ್ದರೆ ನಿರ್ಧಾರ ಹಿಂದಿನ ದಿನ ಸಂಜೆ ನಾಲ್ಕಕ್ಕಲ್ಲ, ಹಗಲಿನಲ್ಲಿಯೇ ಕೆಲಸ ಮುಗಿಯಬೇಕಾದುದರಿಂದ ಇನ್ನೂ ಬೇಗ, ಬೆಳಗಿನ ಮೊದಲ ಹೊತ್ತಿಗೆ ಆಗಬೇಕು. ಆಶ್‌ವಿಲ್‌ನ ಮಟ್ಟಿಗೆ ಅದು ಸೆಪ್ಟೆಂಬರ್ 26ರ ಬೆಳಿಗ್ಗೆ. ಆಗ ಹೆಲೀನ್ ಇನ್ನೂ ಸಮುದ್ರದ ಮೇಲೆಯೇ ಇತ್ತು.

ಎಲ್ಲ ಸರಕನ್ನೂ ಸಾಗಿಸಲಾಗುವುದಿಲ್ಲವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಹಾಗಾಗಿ ಮೊದಲು ಹೋಗಬೇಕಾದುದು ಯಾವುದು, ಅಟ್ಟದ ಮೇಲೇರಿಸಿದರೆ ಸಾಕಾದುದು ಯಾವುದು, ಬಿಟ್ಟುಬಿಡಬೇಕಾದುದು ಯಾವುದು ಎಂದು ಮೂರು ಪಾಲು ಮಾಡಿಟ್ಟಿರಬೇಕು. ಲೆಕ್ಕಪತ್ರ, ಸಾಲಗಾರರ ಪಟ್ಟಿ, ವಿಮಾ ಪಾಲಿಸಿ, ಗಣಕಯಂತ್ರದ ದತ್ತಾಂಶದ ಪ್ರತಿ ಇವು ಹಗುರ. ಇವು ಮೊದಲ ಪಾಲು. ಮೋಟಾರು, ನಿಯಂತ್ರಣ ಫಲಕಗಳನ್ನು ಬಿಚ್ಚಿ ಮೇಲಕ್ಕಿಡಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಬಿಚ್ಚಿಯೇ ನೋಡುವುದು ಒಳ್ಳೆಯದು. ರಾಸಾಯನಿಕ ಅಥವಾ ಎಣ್ಣೆಯ ಪೀಪಾಯಿಗಳಿದ್ದರೆ ಅವನ್ನು ತೇಲದಂತೆ ಕಟ್ಟುವುದು ಮಾಲೀಕನ ಜವಾಬ್ದಾರಿ. ಕೆಳಗಿನ ಊರಿನವರಿಗೆ ನಮ್ಮ ಪೀಪಾಯಿ ಹೋಗಬಾರದು.

ಮೂರನೆಯದು ಕೂಲಿ. ಎಚ್ಚರಿಕೆಯ ದಿನ ಮನೆಗೆ ಕಳುಹಿಸಿದರೆ ಆ ದಿನದ ಕೂಲಿ ಸಿಗುವುದೋ ಇಲ್ಲವೋ ಎಂಬ ಸಂದೇಹವಿರುವವರೆಗೆ ಯಾವ ಕೆಲಸಗಾರನೂ ತಾನಾಗಿ ಹೊರಡುವುದಿಲ್ಲ. ಯಜಮಾನರ ಮುಖ ನೋಡುತ್ತ ನಿಲ್ಲುತ್ತಾನೆ. ಪೂರ್ಣ ಕೂಲಿ ಸಹಿತ ರಜೆ ಎಂದು ಹಾಳೆಯಲ್ಲಿ ಬರೆದು ಮುಂಚಿತವಾಗಿ ಓದಿಹೇಳಬೇಕೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಇಪ್ಪತ್ತು ಮಂದಿಯ ಘಟಕಕ್ಕೆ ಒಂದು ದಿನದ ಕೂಲಿ ಎಷ್ಟಾಗುತ್ತದೆಂದು ಓದುಗರೇ ಎಣಿಸಿಕೊಳ್ಳಬಹುದು. ವರ್ಷಕ್ಕೆ ಎರಡು ಸುಳ್ಳು ಎಚ್ಚರಿಕೆ ಬಂದರೂ ಅದು ವಿಮಾ ಕಂತಿನಂತೆಯೇ ಒಂದು ವೆಚ್ಚ.

ನೀರಿಳಿದ ಮೇಲೆ

ತೆರವು ಯಶಸ್ವಿಯಾದರೂ ವ್ಯಾಪಾರ ಕೂಡಲೇ ಮರಳುವುದಿಲ್ಲ. ಆಶ್‌ವಿಲ್‌ಗೆ ಬರುವ ದೊಡ್ಡ ಹೆದ್ದಾರಿಗಳೆರಡೂ ಪಶ್ಚಿಮ ಮತ್ತು ಉತ್ತರ ದಿಕ್ಕಿನಲ್ಲಿ ಕಡಿದುಹೋದವು. ಟೆನ್ನೆಸಿಯ ಕಡೆಗೆ ಹೋಗುವ 40ನೇ ಸಂಖ್ಯೆಯ ಹೆದ್ದಾರಿ ಒಂದೊಂದು ಪಥದಲ್ಲಿ ತೆರೆದದ್ದು 2025ರ ಮಾರ್ಚ್ 1ರಂದು. ಹಲವು ಹಳ್ಳಿಗಳಿಗೆ ಹೇಸರಗತ್ತೆಗಳ ಬೆನ್ನ ಮೇಲೆ ಔಷಧಿ, ಆಹಾರ ಹೋಯಿತು. ನಗರದ ಕುಡಿಯುವ ನೀರಿನ ಕಥೆ ಇನ್ನೂ ಬೋಧಪ್ರದ. 2004ರ ಅನುಭವದ ನಂತರ ಜಲಾಶಯದಿಂದ ಬರುವ ಕೊಳವೆಗೆ ಪರ್ಯಾಯವಾಗಿ ಮತ್ತೊಂದನ್ನು ನೆಲದಾಳದಲ್ಲಿ ಹೂಳಲಾಗಿತ್ತು, ಅದೂ ಕಿತ್ತುಹೋಯಿತು. ನಲ್ಲಿಯ ನೀರು ಕುಡಿಯಲು ಯೋಗ್ಯವೆಂದು ಘೋಷಣೆಯಾದದ್ದು ನವೆಂಬರ್ 18ರಂದು, ಎಂದರೆ 53 ದಿನಗಳ ಬಳಿಕ. ಎಲೆಗಳು ಬಣ್ಣ ತಿರುಗುವ ಅಕ್ಟೋಬರ್ ಅಲ್ಲಿನ ಪ್ರವಾಸೋದ್ಯಮದ ಸುಗ್ಗಿ. ನೀರಿಲ್ಲದೆ ಹೋಟೆಲುಗಳು, ಮದ್ಯ ತಯಾರಿಕಾ ಘಟಕಗಳು ಆ ಸುಗ್ಗಿಯನ್ನು ಪೂರ್ತಿ ಕಳೆದುಕೊಂಡವು. ನೀರು ನುಗ್ಗದ ಅಂಗಡಿಗೂ ಹೀಗೆ ನಷ್ಟವಾಯಿತು. ವಿದ್ಯುತ್ತೂ ಅಂತರ್ಜಾಲವೂ ಇಲ್ಲದ ಆ ಮೊದಲ ದಿನಗಳಲ್ಲಿ ಕಾರ್ಡು ಸ್ವೀಕರಿಸುವ ಯಂತ್ರ ನಿರುಪಯೋಗಿ. ನಗದು ಇದ್ದವನು ಕೊಂಡ, ಚಿಲ್ಲರೆ ಇದ್ದವನು ಮಾರಿದ. ಮೊಬೈಲಿನಲ್ಲಿಯೇ ಹಣ ಪಡೆಯುವ ಅಭ್ಯಾಸವಾಗಿರುವ ನಮ್ಮ ಅಂಗಡಿಕಾರರು ಇದನ್ನು ಗಮನಿಸಬೇಕು.

ವಿಮೆಯ ವಿಷಯದಲ್ಲಿ ಅಲ್ಲಿನ ವ್ಯವಸ್ಥೆ ಭಿನ್ನವಾಗಿದೆ. ಸಾಮಾನ್ಯ ಕಟ್ಟಡ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ. ಸರ್ಕಾರದ ಪ್ರವಾಹ ವಿಮಾ ಯೋಜನೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು, ಕೊಂಡ ಮೂವತ್ತು ದಿನಗಳ ನಂತರವೇ ಅದು ಸಾಮಾನ್ಯವಾಗಿ ಜಾರಿಗೆ ಬರುತ್ತದೆ. ಮೋಡ ನೋಡಿ ಕೊಳ್ಳುವ ವಿಮೆಯಲ್ಲ ಅದು. ವಾಣಿಜ್ಯ ಕಟ್ಟಡಕ್ಕೆ ಐದು ಲಕ್ಷ ಡಾಲರ್, ಒಳಗಿನ ಸಾಮಗ್ರಿಗೆ ಮತ್ತೆ ಐದು ಲಕ್ಷ ಡಾಲರ್ ಮಿತಿ. ಆಶ್‌ವಿಲ್ ಇರುವ ಬಂಕೋಂಬ್ ಕೌಂಟಿಯಲ್ಲಿ ಇಂತಹ ವಿಮೆ ಇದ್ದ ಮನೆಗಳು ಶೇಕಡಾ ಒಂದಕ್ಕಿಂತ ಕಡಿಮೆ. ಸಣ್ಣ ಉದ್ಯಮಗಳಿಗೆ ಅಲ್ಲಿನ ಸರ್ಕಾರ ಕೊಡುವ ವಿಪತ್ತು ಸಾಲದ ನಿಧಿ ಅಕ್ಟೋಬರ್ ಮಧ್ಯದಲ್ಲಿಯೇ ಬರಿದಾಗಿ, ಡಿಸೆಂಬರ್‌ನಲ್ಲಿ ಸಂಸತ್ತು ಹಣ ಒದಗಿಸುವವರೆಗೆ ಹೊಸ ಸಾಲ ದೊರೆಯಲಿಲ್ಲ. ಪರಿಹಾರ ಬರುವವರೆಗೆ ಎರಡು ಮೂರು ತಿಂಗಳು ಸಂಬಳ ಕೊಡುವಷ್ಟು ಹಣ ಕೈಯಲ್ಲಿಲ್ಲದ ವರ್ತಕನಿಗೆ ಡಿಸೆಂಬರ್‌ನ ಸಾಲದಿಂದ ಹೆಚ್ಚಿನ ಪ್ರಯೋಜನವಾಗದು.

ನಮ್ಮ ಸುತ್ತಮುತ್ತ

ಬಂಗಾಳ ಕೊಲ್ಲಿಯ ಚಂಡಮಾರುತಗಳೂ ದಡದಲ್ಲಿಯೇ ನಿಲ್ಲುವುದಿಲ್ಲ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ದಾಟಿದ ಫೆಂಗಲ್ ದುರ್ಬಲಗೊಂಡು ಒಳನಾಡಿಗೆ ಸರಿಯಿತು. ಡಿಸೆಂಬರ್ ಆರಂಭದಲ್ಲಿ ನಮ್ಮ ಗಡಿಗೆ ಹೊಂದಿದ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಬಿದ್ದು, ಕೆರೆ ಕೋಡಿ ಹರಿದು, ನಿಲ್ಲಿಸಿದ್ದ ವಾಹನಗಳು ಕೊಚ್ಚಿಹೋದವು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ದಿನಗಳಲ್ಲಿ ರಾಯಚೂರು, ಬಿಜಾಪುರ, ಬಾಗಲಕೋಟೆ, ಬಳ್ಳಾರಿ ಭಾಗಗಳನ್ನು ಮುಳುಗಿಸಿದ ಮಳೆಯೂ ಅದೇ ಕೊಲ್ಲಿಯ ವಾಯುಭಾರ ಕುಸಿತದಿಂದ ಬಂದದ್ದೆಂಬುದನ್ನು ಹಿರಿಯ ಸದಸ್ಯರು ಬಲ್ಲರು. ಮಳೆಯ ಲೆಕ್ಕ ಇಂದು ಕೈಗೆಟುಕುವಂತಿದೆ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹೊಂದಿದೆ. ತಮ್ಮ ಊರಿನ ಮಳೆಯನ್ನಲ್ಲ, ತಮ್ಮ ಹಳ್ಳಕ್ಕೆ ನೀರು ಕೊಡುವ ಮೇಲಿನ ಊರಿನ ಮಳೆಯನ್ನು ನೋಡುವ ರೂಢಿ ಬೆಳೆಯಬೇಕು.

ನಮ್ಮಲ್ಲಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ (ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ) ಮತ್ತು ಭಾರತ ಲಘು ಉದ್ಯಮ ಸುರಕ್ಷಾ (5 ಕೋಟಿಗೆ ಮೇಲ್ಪಟ್ಟು 50 ಕೋಟಿವರೆಗೆ) ಪಾಲಿಸಿಗಳಲ್ಲಿ ಚಂಡಮಾರುತ, ಪ್ರವಾಹ, ಜಲಾವೃತದಿಂದಾಗುವ ಹಾನಿ ಸೇರಿವೆ. ಆದರೆ ವ್ಯಾಪಾರ ನಿಂತ ದಿನಗಳ ಲಾಭನಷ್ಟಕ್ಕೆ ಬೇರೆ ಪಾಲಿಸಿ ಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಪಾಲಿಸಿ ಸಾಮಾನ್ಯವಾಗಿ ನಮೂದಿಸಿದ ವಿಳಾಸದಲ್ಲಿರುವ ದಾಸ್ತಾನಿಗೆ ಅನ್ವಯಿಸುತ್ತದೆ. ಎಚ್ಚರಿಕೆ ಕೇಳಿ ಎತ್ತರದ ಬೀದಿಯ ಸ್ನೇಹಿತರ ಗೋದಾಮಿಗೆ ಸಾಗಿಸಿದ ಚೀಲಗಳಿಗೆ ಅಲ್ಲಿ ರಕ್ಷಣೆ ಉಂಟೇ ಎಂಬುದನ್ನು ವಿಮಾ ಕಂಪನಿಯಿಂದ ಈಗಲೇ ಲಿಖಿತವಾಗಿ ಕೇಳಿ ಪಡೆಯುವುದು ಲೇಸು.

ಆ ಸ್ನೇಹಿತರ ಗೋದಾಮು ಯಾವುದೆಂಬುದನ್ನು ಗೊತ್ತುಪಡಿಸುವುದರಲ್ಲಿ ವಾಣಿಜ್ಯ ಸಂಘಗಳು ನೆರವಾಗಬಲ್ಲವು. ತಗ್ಗಿನ ಬೀದಿಯ ಸದಸ್ಯರು ಮತ್ತು ಎತ್ತರದ ಬೀದಿಯ ಸದಸ್ಯರನ್ನು ಜೋಡಿಮಾಡಿ, ಒಂದು ವಾರದ ಮಟ್ಟಿಗೆ ಜಾಗ ಬಿಟ್ಟುಕೊಡುವ ಒಪ್ಪಂದವನ್ನು ಒಂದು ಪುಟದಲ್ಲಿ ಬರೆಸಿಟ್ಟುಕೊಳ್ಳಬಹುದು. ಲಾರಿ ಮಾಲೀಕರ ಸಂಘದೊಡನೆ ಆ ದಿನದ ಬಾಡಿಗೆಯನ್ನೂ ಮೊದಲೇ ನಿಗದಿಗೊಳಿಸಬಹುದು, ಏಕೆಂದರೆ ನೀರು ಏರುವಾಗ ಬಾಡಿಗೆಯೂ ಏರುತ್ತದೆ. ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಬಂಗಾಳ ಕೊಲ್ಲಿಯಲ್ಲಿ ಹೆಚ್ಚಿನ ಚಂಡಮಾರುತಗಳು ಮುಂಗಾರಿಗೆ ಮುಂಚೆ ಏಪ್ರಿಲ್–ಜೂನ್ ನಡುವೆಯೂ, ಮುಂಗಾರು ಮುಗಿದ ಮೇಲೆ ಅಕ್ಟೋಬರ್–ಡಿಸೆಂಬರ್ ನಡುವೆಯೂ ಏಳುತ್ತವೆ. ಒಪ್ಪಂದಗಳ ಕಾಗದ ಮಾರ್ಚ್ ತಿಂಗಳ ಲೆಕ್ಕಪತ್ರದ ಗಡಿಬಿಡಿ ಮುಗಿದೊಡನೆ ತಯಾರಾದರೆ ಎರಡೂ ಅವಧಿಗೆ ಒದಗುತ್ತದೆ.